ಮೂವತ್ತೊಂದು ಮನೆಗೆ ಒಂದೇ ಹೆಸರು

ಬೆಳಗಿನ ಏಳರ ದೋಣಿ ಗಲ್ಮಿ ದ್ವೀಪದ ಕಟ್ಟೆಗೆ ತಾಗುವಾಗ ಇನ್ನೂ ಮಬ್ಬುಗತ್ತಲು. ಎದುರು ದಡದ ಪೇಟೆ ತೊಂಗ್ಯೊಂಗ್‌ನಿಂದ ಬಂದ ದೋಣಿಯವನು ಹಗ್ಗ ಎಸೆಯುತ್ತಾನೆ, ಓಕ್ ಜೊಂಗ್‌ಸಿಮ್ ಅದನ್ನು ಹಿಡಿದು ಕಂಬಕ್ಕೆ ಎರಡು ಸುತ್ತು ಬಿಗಿಯುತ್ತಾರೆ. ಆಮೇಲೆ ಪಾರ್ಸೆಲ್‌ಗಳು ಇಳಿಯುತ್ತವೆ. ಇವತ್ತು ಹದಿನೇಳು. ಹಣೆಗೆ ಕಟ್ಟಿಕೊಂಡ ಟಾರ್ಚಿನ ಬೆಳಕಿನಲ್ಲಿ, ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು, ಒಂದೊಂದರ ಮೇಲಿನ ಹೆಸರನ್ನೂ ಗಟ್ಟಿಯಾಗಿ ಓದಿ ಕೈಗಾಡಿಗೆ ಹಾಕುತ್ತಾರೆ. ಅವರ ಕಾಲಲ್ಲಿರುವುದು ಗಂಡನ ಹಳೇ ರಬ್ಬರ್ ಬೂಟು. ಎರಡು ಅಳತೆ ದೊಡ್ಡದಾದ್ದರಿಂದ ಬೆರಳ ಕಡೆ ಚಿಂದಿ ಬಟ್ಟೆ ತುರುಕಿದ್ದಾರೆ. ನಡೆದಾಗೆಲ್ಲ ಚಪ್ ಚಪ್ ಎನ್ನುತ್ತದೆ.

"ಹೋದ ವರ್ಷ ಈ ಕನ್ನಡಕದ ಕಾಟ ಇರ್ಲಿಲ್ಲ, ಪೇಪರ್ನೋರೇ," ಎನ್ನುತ್ತಾರೆ. "ಎಲ್ಲಾ ಡಬ್ಬದ ಮೇಲೂ ನನ್ನ ಹೆಸರೇ ಇರ್ತಿತ್ತು. ಒಂದ್ಸಲ ಅಲ್ಲಾಡ್ಸಿದ್ರೆ ಸಾಕು, ಇದು ಯಾರ ಮನೇದು ಅಂತ ಗೊತ್ತಾಗ್ತಿತ್ತು."

ಕೊನೆಯ ಡಬ್ಬದ ಮೇಲೆ ಮಾತ್ರ ಈಗಲೂ ಅವರದೇ ಹೆಸರಿದೆ. ಜೊಂಗ್‌ಸಿಮ್ ಹುಬ್ಬು ಗಂಟಿಕ್ಕುತ್ತಾರೆ. "ನಾನೇನೂ ತರ್ಸಿಲ್ವಲ್ಲ," ಎಂದು ಗೊಣಗಿ, ಅಲ್ಲಾಡಿಸಿ ನೋಡಿ, ಗಾಡಿಯ ತಳಕ್ಕೆ ತಳ್ಳುತ್ತಾರೆ. ಯಾರೋ ಮುದುಕಿ ಮತ್ತೆ ಹಳೇ ಚಾಳಿ ಶುರು ಮಾಡಿದ್ದಾಳೆ ಎಂಬ ಸಿಟ್ಟು ಅವರ ಮುಖದಲ್ಲಿ ಕಾಣುತ್ತದೆ. ಆ ಹಳೇ ಚಾಳಿಯಿಂದ ಏನೇನಾಯಿತು ಎಂದು ಕೇಳಲೆಂದೇ ನಾನು ಈ ಚಳಿಯಲ್ಲಿ ದೋಣಿ ಹತ್ತಿ ಬಂದದ್ದು.

ಜೊಂಗ್‌ಸಿಮ್‌ಗೆ ಐವತ್ತೆಂಟು. ದ್ವೀಪದ ಮೂವತ್ತೊಂದು ಮನೆಗಳಲ್ಲಿ ಎಲ್ಲರಿಗಿಂತ ಚಿಕ್ಕವರು, ಹಾಗಾಗಿ ಎಲ್ಲರ ಬಾಯಲ್ಲೂ 'ಹುಡುಗಿ'. ಸಂಬಳ ಬರುವುದು ಕಟ್ಟೆಯ ಗೂಡಂಗಡಿಯಲ್ಲಿ ದೋಣಿ ಟಿಕೆಟ್ ಹರಿಯುವುದಕ್ಕೆ ಮಾತ್ರ. ಉಳಿದದ್ದೆಲ್ಲ ತಾನಾಗಿ ಅಂಟಿಕೊಂಡ ಕೆಲಸ. ಪಾರ್ಸೆಲ್ ಕಂಪನಿಯವರು ಕಟ್ಟೆಯವರೆಗೆ ತಲುಪಿಸಿ ಕೈತೊಳೆದುಕೊಳ್ಳುತ್ತಾರೆ. ಅಲ್ಲಿಂದ ಮೇಲಿನ ಕೇರಿಗೆ ಇನ್ನೂರ ಹದಿನಾಲ್ಕು ಮೆಟ್ಟಿಲು. ದಿನಕ್ಕೆ ನಾಲ್ಕು ಸಲ ಹತ್ತಿಳಿಯುವುದು ಅವರಿಗೆ ಮಾಮೂಲು, ಸುಗ್ಗಿ ಹಬ್ಬ ಹತ್ತಿರವಾದರೆ ಒಂಬತ್ತು ಸಲ. ಗಂಡ ಮೀನಿನ ಹಡಗಿನಲ್ಲಿ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು.

ಸಾಮಾನು ತರಿಸುವುದೂ ಅವರೇ. ಅಜ್ಜಿಯರ ಹತ್ತಿರ ಇದ್ದದ್ದು ಮಡಚುವ ಫೋನು, ಅದರಲ್ಲಿ ಆನ್‌ಲೈನ್ ಅಂಗಡಿ ತೆರೆಯುತ್ತಿರಲಿಲ್ಲ. ಹಾಗಾಗಿ ಏಳು ವರ್ಷದಿಂದ ದ್ವೀಪದ ಸೊಂಟಪಟ್ಟಿ, ಮೀನುಬಲೆ, ನೋವಿನ ಪಟ್ಟಿ, ಮಾತಾಡುವ ಅನ್ನದ ಕುಕ್ಕರ್ ಎಲ್ಲವೂ ಜೊಂಗ್‌ಸಿಮ್ ಅವರ ಒಂದೇ ಖಾತೆಯಿಂದ, ಅವರದೇ ಹೆಸರಿಗೆ ಬರುತ್ತಿದ್ದವು. ತೊಂದರೆ ಅದರಿಂದ ಬರಲಿಲ್ಲ. ತೊಂದರೆ ಬಂದದ್ದು ರಿವ್ಯೂಗಳಿಂದ.

ಸಾಮಾನು ತಲುಪಿದ ಮೇಲೆ ಹೇಗಿತ್ತು ಎಂದು ಅಂಗಡಿ ಕೇಳುತ್ತದಷ್ಟೆ. ನಾನಾದರೆ ಕಣ್ಣುಮುಚ್ಚಿ ಐದು ಸ್ಟಾರ್ ಒತ್ತಿ ಬಿಡುವವನು. ಜೊಂಗ್‌ಸಿಮ್ ಹಾಗಲ್ಲ. ಕೇಳಿದವರಿಗೆ ಉತ್ತರ ಕೊಡದಿರುವುದು ಮರ್ಯಾದೆಯಲ್ಲ ಎಂದು, ಊರ ಹಿರಿಯರು ಸೇರುವ ಕೂಟದ ಮನೆಯ, ಅಡಿಯಿಂದ ಕಾಯಿಸಿದ ಬೆಚ್ಚನೆ ನೆಲದ ಮೇಲೆ ಕೂತು, ಪ್ರತಿಯೊಬ್ಬರ ಬಾಯಿಂದಲೂ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದರು. ದೂರದ ಪುಸನ್ ನಗರದ ವ್ಯಾಪಾರಿಗಳೂ ಇದನ್ನು ಓದಿ ನಗುತ್ತಿದ್ದರಂತೆ. "ಕುಕ್ಕರ್ ಮಾತಾಡುತ್ತೆ. ಅನ್ನ ಆಯ್ತು ಅಂತ ಕರೆಯೋರು ಒಬ್ರು ಸಿಕ್ರು" ಎಂದು ಒಂದು. "ನೋವಿನ ಪಟ್ಟಿ ಅಂಟುತ್ತೆ. ನೋವೂ ಅಂಟ್ಕೊಂಡೇ ಇದೆ" ಎಂದು ಇನ್ನೊಂದು.

ಇಲ್ಲಿ ಮದುವೆಯಾಗಿ ಬಂದ ಹೆಂಗಸರನ್ನು ತವರೂರಿನ ಹೆಸರಿನಿಂದ ಕರೆಯುತ್ತಾರೆ. ಯೊಕ್ಜಿಯಿಂದ ಬಂದವರು ಯೊಕ್ಜಿಯಮ್ಮ, ವಯಸ್ಸು ಎಪ್ಪತ್ತೊಂಬತ್ತು. ಹನ್ಸಾನ್‌ನಿಂದ ಬಂದವರು ಹನ್ಸಾನಮ್ಮ, ಎಂಬತ್ತಾರು. ಯೊಕ್ಜಿಯಮ್ಮ ಮೂರು ವರ್ಷದ ಹಿಂದೆ ಇಳಿತದ ಹೊತ್ತಿನಲ್ಲಿ ಬಂಡೆಯ ಮೇಲೆ ಚಿಪ್ಪು ಕೀಳುವಾಗ ಜಾರಿ ಕೈ ಮುರಿದುಕೊಂಡರು. ಆಗ ಜೊಂಗ್‌ಸಿಮ್ ಹುಡುಕಿ ಹುಡುಕಿ ತರಿಸಿದ್ದು ಪುಸನ್‌ನ ಪ್ಯೊ ಗಿಲ್‌ಸಾಂಗ್ ಮಾಡುವ ಬೂಟು. ಗಂಡ ಹೆಂಡತಿ ಇಬ್ಬರೇ ಕೂತು ಮಾಡುವುದು. ಬೂಟಿನ ತಳಕ್ಕೆ ಕಂಬಳಿಯಂಥ ದಪ್ಪ ಬಟ್ಟೆ ಅಂಟಿಸಿರುತ್ತಾರೆ, ಪಾಚಿಯ ಮೇಲೂ ಜಾರುವುದಿಲ್ಲ. ಒಬ್ಬರದನ್ನು ನೋಡಿ ಒಬ್ಬರು ತರಿಸಿಕೊಂಡು ಇಪ್ಪತ್ತೆರಡು ಜನರ ಕಾಲಿಗೆ ಅದೇ ಬೂಟಾಯಿತು. ಅಲ್ಲಿಂದೀಚೆಗೆ ಬಂಡೆಯ ಮೇಲೆ ಯಾರೂ ಬಿದ್ದಿಲ್ಲ. ಹನ್ಸಾನಮ್ಮ ಮಾತ್ರ ಮೂರೇ ಸ್ಟಾರ್ ಕೊಟ್ಟರು. ಅವರು ಯಾವುದಕ್ಕೂ ಮೂರು ದಾಟಿದವರಲ್ಲ.

"ನಾಲ್ಕು ಕೊಟ್ರೆ ತಲೆ ತಿರುಗುತ್ತೆ, ಐದು ಕೊಟ್ರೆ ಕೆಲ್ಸ ಕೆಡುತ್ತೆ," ಎಂಬುದು ಅವರ ವಾದ. "ನನ್ನ ಮಕ್ಕಳಿಗೂ ನಾನು ಮೂರೇ ಕೊಡೋದು."

ಹೋದ ಶರತ್ಕಾಲದಲ್ಲಿ ಒಂದು ಜೊತೆ ಅಳತೆ ತಪ್ಪಿ ಬಂತು. ವಾಪಸ್ ಕಳಿಸಬೇಕು. ಆದರೆ ನಮ್ಮ ಕಡೆ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವವರು ಉಂಟೇ. ಬೂಟಿನ ಪಕ್ಕದಲ್ಲಿ ಜಾಗವಿತ್ತು, ಯೊಕ್ಜಿಯಮ್ಮ ಒಣಗಿಸಿದ ಕಡಲಸೊಪ್ಪಿನ ದೊಡ್ಡ ಕಟ್ಟು ತುರುಕಿದರು. ಪ್ಯೊ ಗಿಲ್‌ಸಾಂಗ್ ಕೂಡ ಅದೇ ನೀರು ಕುಡಿದು ಬೆಳೆದವನು. ಸರಿಯಾದ ಅಳತೆಯ ಬೂಟಿನ ಜೊತೆ ಹನ್ನೆರಡು ಜೊತೆ ಉಣ್ಣೆಯ ಕಾಲುಚೀಲ ಇಟ್ಟು ಕಳಿಸಿದ. ಯೊಕ್ಜಿಯಮ್ಮನಿಗೆ ಖುಷಿ ತಡೆಯಲಿಲ್ಲ. "ಬರ್ಕೊಳ್ಳೇ ಹುಡುಗಿ," ಎಂದು ಹೇಳಿ ಬರೆಸಿದರು: "ಸೊಪ್ಪು ಕಳಿಸಿದ್ದಕ್ಕೆ ಕಾಲುಚೀಲ ಕಳಿಸಿದ್ದಾನೆ. ಒಳ್ಳೆ ಮನುಷ್ಯ. ಐದು ಸ್ಟಾರ್."

ಅದೇ ಹೊತ್ತಿಗೆ ಆನ್‌ಲೈನ್ ಅಂಗಡಿಯವರು ಸುಳ್ಳು ರಿವ್ಯೂಗಳ ಮೇಲೆ ಕಣ್ಣಿಟ್ಟಿದ್ದರು. ಕೊಂಡವರು ಮಾತ್ರ ಬರೆಯಬೇಕು, ತಮ್ಮ ಅನುಭವವನ್ನೇ ಬರೆಯಬೇಕು, ಮಾರುವವನಿಂದ ಏನೂ ಪಡೆದಿರಬಾರದು. ನಿಯಮ ಸರಿಯಾಗಿಯೇ ಇದೆ. ಆದರೆ ಯಂತ್ರದ ಕಣ್ಣಿಗೆ ಕಂಡದ್ದೇನು? ಒಬ್ಬಳೇ ಹೆಂಗಸು ಒಂದೇ ವಿಳಾಸಕ್ಕೆ ಆರು ಅಳತೆಯ ಇಪ್ಪತ್ತೆರಡು ಜೊತೆ ಬೂಟು ತರಿಸಿದ್ದಾಳೆ. ಒಂದು ರಿವ್ಯೂನಲ್ಲಿ ಅವಳ ಗಂಡ ತೀರಿಕೊಂಡು ಹದಿಮೂರು ವರ್ಷವಾಗಿದೆ, ಮುಂದಿನ ವಾರ ಅದೇ ಗಂಡ ಅವಳ ಬೂಟು ಕದ್ದು ಹಾಕಿಕೊಂಡು ಹೋಗಿದ್ದಾನೆ. ವಯಸ್ಸು ಒಮ್ಮೆ ಎಪ್ಪತ್ತೊಂಬತ್ತು, ಒಮ್ಮೆ ಎಂಬತ್ತಾರು. ಮೇಲೆ ಕಾಲುಚೀಲದ ಲಂಚ ಬೇರೆ, ಅದೂ ಅವಳೇ ಒಪ್ಪಿಕೊಂಡಿದ್ದಾಳೆ.

ಒಂದು ಬೆಳಿಗ್ಗೆ ಜೊಂಗ್‌ಸಿಮ್ ಬರೆದ ನೂರ ನಲವತ್ತಾರು ರಿವ್ಯೂಗಳೂ ಅಳಿಸಿಹೋದವು, ಖಾತೆಗೆ ಬೀಗ ಬಿತ್ತು. ಅದು ಅವರಿಗೆ ದೊಡ್ಡದೆನಿಸಲಿಲ್ಲ. ಮಧ್ಯಾಹ್ನ ಪುಸನ್‌ನಿಂದ ಬಂದ ಫೋನು ಅವರನ್ನು ಕಂಗೆಡಿಸಿತು. ದುಡ್ಡು ಕೊಟ್ಟು ಹೊಗಳಿಸಿಕೊಂಡ ಎಂದು ಪ್ಯೊ ಗಿಲ್‌ಸಾಂಗ್‌ನ ಅಂಗಡಿಯನ್ನೂ ಆನ್‌ಲೈನ್‌ನಿಂದ ತೆಗೆದುಹಾಕಿದ್ದರು. ಹದಿನಾಲ್ಕು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಶಾಶ್ವತವಾಗಿ ಮುಚ್ಚಿದಂತೆ. ಬೂಟು ಮಾರಾಟವಾಗುವುದೇ ಚಳಿಗಾಲದ ಎರಡು ತಿಂಗಳಲ್ಲಿ.

"ಆ ಮನುಷ್ಯ ಬೈದಿದ್ರೆ ಚೆನ್ನಾಗಿರ್ತಿತ್ತು," ಎನ್ನುತ್ತಾರೆ ಜೊಂಗ್‌ಸಿಮ್. "ಬೈಲಿಲ್ಲ. 'ಅಕ್ಕಾ, ನೀವು ಒಳ್ಳೇದಕ್ಕೇ ಬರೆದ್ರಿ, ನಂಗೊತ್ತು' ಅಂದ. ಹಿಂದಿಂದ ಹೆಂಡತಿ ಅಳೋದು ಕೇಳಿಸ್ತಿತ್ತು. ಸಾಯೋವರೆಗೂ ಇದು ನನ್ನ ತಲೆ ಮೇಲೆ ಅಂದ್ಕೊಂಡೆ."

ಆನ್‌ಲೈನ್ ಅಂಗಡಿಯವರಿಗೆ ಬೇಕಿದ್ದದ್ದು ಪುರಾವೆ. ಮೂರನೇ ದಿನ ಇಳಿತದ ಹೊತ್ತಿಗೆ ಜೊಂಗ್‌ಸಿಮ್ ಇಪ್ಪತ್ತೆರಡು ಮಂದಿಯನ್ನೂ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ, ಕಾಲೆತ್ತಿಸಿ, ಬೂಟಿನ ಅಡಿಗಳ ಫೋಟೊ ತೆಗೆದರು. ಮಂಡಿ ನೋವಿರುವವರದು ಹೊರಗಡೆ ಸವೆದಿದೆ, ಕುಂಟುವವರದು ಒಂದೇ ಕಾಲಿನದು ಸವೆದಿದೆ, ಕೂತಲ್ಲೇ ಕೂರುವ ಒಬ್ಬರದು ಹೊಸದರಂತೆ ಇದೆ. ಫೋಟೊ ನನಗೂ ತೋರಿಸಿದರು. ನಲವತ್ತನಾಲ್ಕು ಅಡಿಗಳು, ಹಿಂದೆ ಬಗ್ಗಿ ನೋಡುತ್ತಿರುವ ಇಪ್ಪತ್ತೆರಡು ಮುಖಗಳು.

ಫೋಟೊ ಕಳಿಸಿದ ಆರು ದಿನಕ್ಕೆ ಕೂಟದ ಮನೆಯ ಫೋನಿಗೆ ಕರೆ ಬಂತು. ಆನ್‌ಲೈನ್ ಅಂಗಡಿಯಲ್ಲಿ ರಿವ್ಯೂ ಪರೀಕ್ಷಿಸುವ ಹುಡುಗಿ, ಗಂಭೀರ ದನಿ. ಒಬ್ಬೊಬ್ಬರ ಜೊತೆಯೂ ಮಾತಾಡಬೇಕು ಎಂದಳು. ಜೊಂಗ್‌ಸಿಮ್ ಏನಾದರೂ ಹೇಳಿಕೊಡುವ ಮೊದಲೇ ಹನ್ಸಾನಮ್ಮ ಫೋನು ಕಿತ್ತುಕೊಂಡರಂತೆ. ಮುಂದಿನದನ್ನು ಕೂಟದಲ್ಲಿ ಇವತ್ತಿಗೂ ಆಡಿ ತೋರಿಸುತ್ತಾರೆ.

"ನೋಡಮ್ಮಾ, ನನ್ನ ಮೂರು ಸ್ಟಾರ್ ಅಳಿಸಿದ್ದು ನೀನೇನಾ?"

"ಅಜ್ಜಿ, ಅದು ನಿಯಮದ ಪ್ರಕಾರ..."

"ಬೂಟಿನ ಬಾಯಿ ಬಿಗಿ, ಎಳೆಯೋಕೆ ಹಿಡಿ ಇಲ್ಲ, ಬಣ್ಣ ಹೆಣಕ್ಕೆ ಹಾಕೋ ಹಂಗಿದೆ. ಅಡಿ ಒಂದು ಚೆನ್ನಾಗಿದೆ ಅಂತ ಮೂರು ಕೊಟ್ಟೆ. ಎರಡು ಕೊಡ್ಬೇಕಿತ್ತು. ಯೋಚ್ನೆ ಮಾಡಿ ಮಾಡಿ ಕೊಟ್ಟಿದ್ದನ್ನ ಅಳಿಸೋಕೆ ನಿನಗ್ಯಾರು ಹೇಳಿದ್ದು?"

"ಅಜ್ಜಿ, ನಿಮಗೂ ಕಾಲುಚೀಲ ಕೊಟ್ರಾ?"

"ಕೊಟ್ರು. ಕೆರೆಯುತ್ತೆ."

ಹೀಗೇ ಹನ್ನೊಂದು ನಿಮಿಷ. ಕೊನೆಗೆ ಆ ಹುಡುಗಿ ನಕ್ಕುಬಿಟ್ಟಳಂತೆ. ಯೊಕ್ಜಿಯಮ್ಮನ ಹತ್ತಿರ ಒಂದೇ ಪ್ರಶ್ನೆ ಕೇಳಿದಳು, ಮೊದಲು ಹೋದದ್ದು ಸೊಪ್ಪೋ, ಮೊದಲು ಬಂದದ್ದು ಕಾಲುಚೀಲವೋ ಎಂದು. "ಸೊಪ್ಪು ಕಣಮ್ಮ. ಡಬ್ಬ ಖಾಲಿ ಕಳಿಸೋಕಾಗುತ್ತಾ," ಎಂದರು ಯೊಕ್ಜಿಯಮ್ಮ. ಅದಕ್ಕೆ ಆ ಹುಡುಗಿ, "ನಮ್ಮಜ್ಜಿನೂ ಕಳಿಸ್ತಿರ್ಲಿಲ್ಲ," ಎಂದಳಂತೆ.

ಹದಿಮೂರನೇ ದಿನ ಪ್ಯೊ ಗಿಲ್‌ಸಾಂಗ್‌ನ ಅಂಗಡಿ ಮತ್ತೆ ತೆರೆಯಿತು. ಜೊಂಗ್‌ಸಿಮ್ ಆ ಬೆಳಿಗ್ಗೆ ಟಿಕೆಟ್ ಗೂಡಿನ ಬಾಗಿಲು ಹಾಕಿಕೊಂಡು ಒಬ್ಬರೇ ಅತ್ತರು. ಇದನ್ನು ಅವರು ಹೇಳಲಿಲ್ಲ, ದೋಣಿಯವನು ಹೇಳಿದ. ಅವರ ಖಾತೆಗೆ ಮಾತ್ರ ಒಂದು ವರ್ಷ ಏನೂ ಬರೆಯುವ ಹಾಗಿಲ್ಲ. ಬೇರೆಯವರ ಅನುಭವವನ್ನು ತನ್ನ ಹೆಸರಲ್ಲಿ ಬರೆದದ್ದು ನಿಯಮಕ್ಕೆ ವಿರುದ್ಧವೇ. ಅಳಿಸಿದ ರಿವ್ಯೂಗಳೂ ವಾಪಸ್ ಬರಲಿಲ್ಲ.

"ನಾನು ಮಾಡಿದ್ದು ತಪ್ಪು ಅಂದ್ರು. ಸುಳ್ಳು ಅನ್ಲಿಲ್ಲ," ಎನ್ನುತ್ತಾರೆ. "ಅಷ್ಟು ಸಾಕು ನಂಗೆ."

ಅಜ್ಜಿಯರ ಹೆಸರಲ್ಲೇ ಖಾತೆ ತೆರೆಯಬೇಕೆಂದರೆ ಫೋನು ಅವರವರ ಹೆಸರಲ್ಲೇ ಇರಬೇಕು. ಇಲ್ಲಿನ ಫೋನೆಲ್ಲ ಮಗನದೋ ಅಳಿಯನದೋ ಹೆಸರಲ್ಲಿವೆ. ಜೊಂಗ್‌ಸಿಮ್ ಸಂತೆಯ ದಿನ ಮೂರು ಮೂರು ಜನರನ್ನು ದೋಣಿಯಲ್ಲಿ ಕೂರಿಸಿ ಪೇಟೆಗೆ ಕರೆದೊಯ್ದು, ಹೆಸರು ಬದಲಿಸಿ, ಬೆರಳಲ್ಲಿ ತಳ್ಳುವ ಫೋನು ಕೊಡಿಸಿ, ಖಾತೆ ತೆರೆಸಿದ್ದಾರೆ. ತಮ್ಮದೂ ಸೇರಿ ಇಲ್ಲಿಯವರೆಗೆ ಹತ್ತೊಂಬತ್ತು ಮನೆ ಆಗಿದೆ. ಹಾಗಾಗಿಯೇ ಈಗ ಡಬ್ಬಗಳ ಮೇಲೆ ಬೇರೆ ಬೇರೆ ಹೆಸರು, ಹಾಗಾಗಿಯೇ ಕನ್ನಡಕ. ಎಷ್ಟೋ ವರ್ಷ ತವರೂರಿನ ಹೆಸರಲ್ಲೇ ಕರೆಸಿಕೊಂಡವರು ಡಬ್ಬದ ಮೇಲಿನ ಸ್ವಂತ ಹೆಸರನ್ನು ಬೆರಳಿಟ್ಟು ಓದುವುದನ್ನು ನಾನೇ ನೋಡಿದೆ.

ಹದಿನಾರು ಡಬ್ಬ ಹಂಚಿ ಕೂಟದ ಮನೆಗೆ ಬಂದಾಗ ಒಂಬತ್ತೂವರೆ. ಜೊಂಗ್‌ಸಿಮ್ ಉಳಿದ ಡಬ್ಬವನ್ನು ನೆಲದ ಮಧ್ಯೆ ಇಟ್ಟು ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾರೆ.

"ನನ್ನ ಹೆಸರಲ್ಲಿ ತರ್ಸಿದ್ದು ಯಾರು? ಎಷ್ಟು ಸಲ ಹೇಳ್ಬೇಕು ನಿಮ್ಗೆಲ್ಲ."

"ಬಿಚ್ಚೇ ಮೊದ್ಲು," ಎನ್ನುತ್ತಾರೆ ಮೂಲೆಯಿಂದ ಹನ್ಸಾನಮ್ಮ.

ಒಳಗೆ ಪ್ಯೊ ಗಿಲ್‌ಸಾಂಗ್‌ನ ಬೂಟು. ಅಳತೆ ಜೊಂಗ್‌ಸಿಮ್‌ದು. ಇಡೀ ದ್ವೀಪಕ್ಕೆ ತರಿಸಿಕೊಟ್ಟವರು ತಮಗೊಂದು ಜೊತೆ ತರಿಸಿಕೊಂಡಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಹನ್ಸಾನಮ್ಮನಿಗೆ ಕಳೆದುಕೊಂಡ ಮೂರು ಸ್ಟಾರ್ ಮತ್ತೆ ಕೊಡಲೇಬೇಕಿತ್ತು. ಆದರೆ ಹೊಸದಾಗಿ ಕೊಂಡರೆ ಮಾತ್ರ ಬರೆಯಬಹುದು, ತಮ್ಮ ಬೂಟು ಇನ್ನೂ ಗಟ್ಟಿಯಾಗಿದೆ. ಅದಕ್ಕೇ ಯಾರನ್ನೂ ಕೇಳದೆ ಸ್ವಂತ ಖಾತೆಯಿಂದ ತಾವೇ ಬೆರಳಾಡಿಸಿ ಇದನ್ನು ತರಿಸಿದ್ದಾರೆ.

"ಹಾಕ್ಕೊಂಡು ಆ ಒದ್ದೆ ಮೆಟ್ಲ ಮೇಲೆ ನಡಿ. ನೋಡ್ದೆ ಬರೆಯೋಳಲ್ಲ ನಾನು."

ಜೊಂಗ್‌ಸಿಮ್ ಗಂಡನ ಬೂಟು ಕಳಚಿ, ಚಿಂದಿ ಬಟ್ಟೆ ಪಕ್ಕಕ್ಕಿಟ್ಟು, ಹೊಸದನ್ನು ಏರಿಸಿಕೊಂಡು ಪಾಚಿಗಟ್ಟಿದ ಮೆಟ್ಟಿಲಲ್ಲಿ ಎರಡು ಸಲ ಹತ್ತಿಳಿಯುತ್ತಾರೆ. ಚಪ್ ಚಪ್ ಸದ್ದಿಲ್ಲ. ಹೊಸಿಲಲ್ಲಿ ಕೂತ ಹನ್ಸಾನಮ್ಮ ಕಣ್ಣು ಕಿರಿದು ಮಾಡಿ ನೋಡಿ, ಫೋನನ್ನು ಮೂಗಿನ ಹತ್ತಿರ ತಂದು, ಒಂದೇ ಬೆರಳಲ್ಲಿ ಬಹಳ ಹೊತ್ತು ಒತ್ತುತ್ತಾರೆ. ಎಪ್ಪತ್ತು ದಾಟಿದ ಮೇಲೆ ಇದೇ ಕೂಟದಲ್ಲಿ ಅಕ್ಷರ ಕಲಿತವರು ಅವರು.

ಮಧ್ಯಾಹ್ನದ ದೋಣಿಗೆ ಹೊರಟ ನಾನು, ನಿಮಗೇನಾದರೂ ಆಸೆ ಇದೆಯೇ ಎಂದು ಜೊಂಗ್‌ಸಿಮ್ ಅವರನ್ನು ಕೇಳುತ್ತೇನೆ. ಉಳಿದ ಹನ್ನೆರಡು ಮನೆಯ ಫೋನಿನ ಹೆಸರು ಬದಲಾದರೆ ಸಾಕು ಎನ್ನುತ್ತಾರೆ. ಆಮೇಲೆ ತಮ್ಮ ಫೋನು ತೆಗೆದು ಬೂಟಿನ ಪುಟ ತೋರಿಸುತ್ತಾರೆ. ಹನ್ಸಾನಮ್ಮನ ಸ್ವಂತ ಹೆಸರಿನ ಕೆಳಗೆ, "ಬಾಯಿ ಇನ್ನೂ ಬಿಗಿ. ಹುಡುಗಿ ಜಾರಲಿಲ್ಲ" ಎಂದಿದೆ. ಪಕ್ಕದಲ್ಲಿ ಸ್ಟಾರ್ ನಾಲ್ಕು.

"ಜಾಸ್ತಿ ಒತ್ತಿದ್ರಾ ಅಜ್ಜಿ ಅಂತ ಕೇಳ್ದೆ," ಎನ್ನುತ್ತಾರೆ ಜೊಂಗ್‌ಸಿಮ್, ದೋಣಿಯ ಹಗ್ಗ ಬಿಚ್ಚುತ್ತ. "ಬೂಟಿಗೆ ಮೂರೇ ಅಂತೆ. ಉಳಿದಿದ್ದೊಂದು ನಂಗಂತೆ."