ಗೌಡರ ಎತ್ತಿನ ಬ್ಯಾನಿ

ನಾನು ಸವಣೂರಿನ ದವಾಖಾನೆಯಲ್ಲಿ ಕಂಪೌಂಡರನಾಗಿದ್ದೆ. ಒಂದು ಮುಂಜಾನೆ ಹತ್ತಿಮತ್ತೂರಿನ ಗೌಡರೊಬ್ಬರು ಬಂದು ಪಿಸುಗುಟ್ಟಿದರು.

“ನಮ್ಮ ಎತ್ತಿಗೆ ನಿನ್ನೆಯಿಂದ ಉಚ್ಚಿ ಕಟ್ಟೇತ್ರಿ. ಔಷಧ ಕೊಡ್ರಿ.”

“ದನದ ಡಾಕ್ಟರು ಬ್ಯಾರೆ ಅದಾರ್ರಿ ಗೌಡ್ರ.”

“ಬ್ಯಾಡ, ನೀವ ಕೊಡ್ರಿ.”

ಅವರ ಹಣೆ ಬೆವೆತಿತ್ತು, ಕೈ ಕಿಬ್ಬೊಟ್ಟೆಯನ್ನು ಒತ್ತಿ ಹಿಡಿದಿತ್ತು. ನನಗೆ ತಿಳಿದುಹೋಯಿತು.

“ಎತ್ತಿಗೆ ವಯಸ್ಸೆಷ್ಟ್ರಿ?”

“ಅರವತ್ತೆರಡು,” ಎಂದುಬಿಟ್ಟರು!

ತಕ್ಷಣ ಒಳಗೆ ಕರೆದೊಯ್ದೆ. ಡಾಕ್ಟರು ನಳಿಕೆ ಹಾಕಿ ಮೂತ್ರ ತೆಗೆದರು.

“ಉಚ್ಚಿ ಕಟ್ಟಿದ್ರ ಅವತ್ತ ಬರಬೇಕ್ರಿ. ಇನ್ನೂ ನಾಚಿಕೊಂಡು ಕುಂತಿದ್ರ ಜೀವಕ್ಕ ಬರ್ತಿತ್ತು,” ಎಂದು ಬೈದರು. ಗೌಡರು ಮಾತ್ರ ಕಣ್ಣು ಮುಚ್ಚಿ ನಗುತ್ತಿದ್ದರು.

ಮುಂದಿನ ವಾರ ಅವರು ತಮ್ಮ ಬೀಗರನ್ನು ರಟ್ಟೆ ಹಿಡಿದು ಎಳೆತಂದರು. “ಇವರಿಗೂ ಉಚ್ಚಿ ಸಲೀಸ ಹೋಗವಲ್ದು. ಹೇಳಾಕ ನಾಚತಾರ!” ಎಂದು ದವಾಖಾನೆಗೆಲ್ಲ ಕೇಳುವಂತೆ ಕೂಗಿದರು.

ಜ್ವರದ ಔಷಧಕ್ಕೆಂದು ಕೂತಿದ್ದ ಇಬ್ಬರು ಮುದುಕರು ಮೆಲ್ಲಗೆ ಎದ್ದು ಬೀಗರ ಹಿಂದೆ ನಿಂತರು.