ಮಡಿಲಕ್ಕಿ ಗಿಟುಕಿನ ಗಿಣಿಗಳು

ನಮ್ಮ ಕಡೆ ಮದುವೆ ಹೆಣ್ಣಿಗೆ ಮಡಿಲು ತುಂಬುವಾಗ ಅಕ್ಕಿ, ಬೆಲ್ಲದ ಜೊತೆ ಎರಡು ಕೊಬ್ಬರಿ ಗಿಟುಕು ಇಡುತ್ತೇವೆ. ಉಂಡೆ ಕೊಬ್ಬರಿಯನ್ನು ಎರಡು ಹೋಳು ಮಾಡಿದರೆ ಎರಡು ಗಿಟುಕು, ಅಷ್ಟೆ. ಹಾಗೇ ಇಟ್ಟರೂ ನಡೆಯುತ್ತದೆ. ನಾನು ಮಾತ್ರ ಅದರ ಕಂದು ಸಿಪ್ಪೆಯನ್ನು ಚೂರಿಯ ಮೊನೆಯಲ್ಲಿ ಹೆರೆದು, ಒಂದೊಂದರ ಮೇಲೆ ಒಂದೊಂದು ಬಿಳಿ ಗಿಣಿ ಬಿಡಿಸುತ್ತೇನೆ. ತಟ್ಟೆಯಲ್ಲಿ ಎರಡೂ ಮುಖಾಮುಖಿ ಇರಬೇಕು. ಹೊನ್ನವಳ್ಳಿಯ ನಮ್ಮ ನೆಂಟರಲ್ಲಿ ನನ್ನ ಗಿಣಿ ಇಲ್ಲದೆ ಮಡಿಲು ತುಂಬಿಸಿಕೊಂಡ ಹೆಣ್ಣು ಕಡಿಮೆ.

ಕಳೆದ ವರ್ಷ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆ ಇನ್ನೂ ದಿನವಿತ್ತು, ಅಷ್ಟರಲ್ಲಿ ಕಂದಿಕೆರೆಯಲ್ಲಿರುವ ನನ್ನ ತಂಗಿಯ ಮೊಮ್ಮಗಳ ಮದುವೆ ಗೊತ್ತಾಯಿತು. ತಂಗಿ ಫೋನ್ ಮಾಡಿದಳು.

“ಅಕ್ಕಾ, ನಿಂಗೆ ಕಣ್ಣು ಕಾಣಾಕಿಲ್ಲ. ಗಿಟುಕು ಕೆತ್ತೋದು ಬುಡು. ತಿಪ್ಟೂರಾಗೆ ಮಿಂಚು ಅಂಟ್ಸಿರೋವು ಸಿಕ್ತವೆ, ತಕಂಬತ್ತೀವಿ.”

“ತಂದ್ರೆ ಮದ್ವೆಗೆ ನಾನು ಬರಾಕಿಲ್ಲ ನೋಡು,” ಎಂದು ಫೋನ್ ಇಟ್ಟೆ. ಸಿಟ್ಟಿಗಿಂತ ಹೆದರಿಕೆ ಜಾಸ್ತಿ. ಒಂದು ಮದುವೆಗೆ ಅಂಗಡಿಯದು ಬಂದರೆ ಆಮೇಲಿನದಕ್ಕೆಲ್ಲ ಅಂಗಡಿಯದೇ. ನನ್ನನ್ನು ಊಟಕ್ಕೆ ಕರೆಯುತ್ತಾರೆ, ಕೆಲಸಕ್ಕೆ ಕರೆಯುವುದಿಲ್ಲ.

ನನ್ನ ಸೊಸೆ ರವಿಕೆಗೆ ಕಸೂತಿ ಹಾಕುತ್ತಾಳೆ. ಮೊದಲು ಟ್ಯಾಬಿನ ಮೇಲೆ ಅದರದೇ ಪೆನ್ನಿನಲ್ಲಿ ಬರೆದು, ಗಿರಾಕಿಗೆ ಕಳಿಸಿ, ಅವರು ಒಪ್ಪಿದ ಮೇಲೆ ಸೂಜಿ ಹಿಡಿಯುತ್ತಾಳೆ. ಆ ಟ್ಯಾಬು ಬಂದಾಗಿನಿಂದ ಮನೆಯಲ್ಲಿ ಹಾಲು ಉಕ್ಕುವುದು ಜಾಸ್ತಿಯಾಗಿದೆ ಎಂದು ನನ್ನ ದೂರು. ಆವತ್ತು ಅದನ್ನೇ ತಂದು ನನ್ನ ಮುಂದೆ ಇಟ್ಟಳು.

“ಗಿಣಿ ಹೆಂಗಿರ್ಬೇಕು ಹೇಳಿ ಅತ್ತೆ. ದೊಡ್ಡದಾಗಿ ಬರ್ಕೊಡ್ತೀನಿ, ನೋಡ್ಕೊಂಡು ಕೆತ್ತಿ.”

“ನಾನೇ ಬರಿತೀನಿ ತತ್ತಾರೇ,” ಎಂದು ಬೆರಳಿಟ್ಟೆ. ಗೆರೆ ಬೀಳಲಿಲ್ಲ. ಚೂರಿ ಹಿಡಿದು ಹಿಡಿದು ನನ್ನ ಬೆರಳ ತುದಿ ಕರಟದ ಹಾಗಾಗಿದೆ. ಒತ್ತಿದೆ, ಉಜ್ಜಿದೆ. ಗಾಜಿಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡಿತು, ಬೇರೇನೂ ಆಗಲಿಲ್ಲ.

“ನಿಮ್ದು ಬೆರಳು ಅಂತ ಅದಕ್ಕೆ ಗೊತ್ತಾಗ್ತಿಲ್ಲ ಅತ್ತೆ.”

“ಈ ವಯಸ್ನಾಗೆ ಅದರ ಹತ್ರ ಗುರುತು ಹೇಳ್ಕಬೇಕಾ ನಾನು? ನೀನೇ ಬರಿ.”

ನಾನು ಹೇಳಿದೆ, ಅವಳು ಬರೆದಳು. “ಹೊಟ್ಟೆ ಕರಗ್ಸೇ, ಬಸುರಿ ಗಿಣಿ ಮಾಡಿದ್ದೀಯ” ಎಂದರೆ ಒಂದು ಸಲ ಮುಟ್ಟುತ್ತಾಳೆ, ಹೊಟ್ಟೆ ಮಾಯ. ಬಾಲ ಉದ್ದವಾಯಿತೆಂದರೆ ಬಾಲ ಮಾಯ. ಬಲು ಸುಖದ ಕೆಲಸ. ನಮ್ಮದರಲ್ಲಿ ಹೆರೆದದ್ದು ಹೆರೆದದ್ದೇ.

ಗೋಡೆಗೆ ಟ್ಯಾಬು ಒರಗಿಸಿಕೊಂಡು ಎರಡು ಮಧ್ಯಾಹ್ನ ಕೂತೆ. ಗಿಣಿ ಮೊರದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅದನ್ನು ನೋಡುವುದು, ಹೆಬ್ಬೆರಳಲ್ಲಿ ತಡವಿಕೊಂಡು ಹೆರೆಯುವುದು. ಮೊದಲ ದಿನ ಒಂದು ಮುಗಿಸಿದೆ, ಮಾರನೇ ದಿನ ಇನ್ನೊಂದು. ಸೊಸೆ ಎರಡನ್ನೂ ತಟ್ಟೆಯಲ್ಲಿ ಜೋಡಿಸಿದಳು.

“ಅತ್ತೆ, ಎರಡೂ ಒಂದೇ ಕಡೆ ನೋಡ್ತಾವೆ.”

ಹೌದು. ಮೊದಲೆಲ್ಲ ಎರಡು ಗಿಟುಕನ್ನೂ ಪಕ್ಕಪಕ್ಕ ಇಟ್ಟುಕೊಂಡು ಇದರ ಕೊಕ್ಕು, ಅದರ ಕೊಕ್ಕು ಎಂದು ಒಟ್ಟಿಗೇ ಕೆತ್ತುತ್ತಿದ್ದೆ. ಈ ಸಲ ಇದ್ದದ್ದು ಒಂದೇ ಚಿತ್ರ. ಅದನ್ನೇ ನೋಡಿಕೊಂಡು ಎರಡು ಸಲ ಕೆತ್ತಿದ್ದೆ. ಒಂದು ಗಿಣಿ ಇನ್ನೊಂದರ ಬೆನ್ನು ನೋಡುತ್ತಿತ್ತು. ಮದುವೆ ತಟ್ಟೆಯಲ್ಲಿ ಬೆನ್ನು ತೋರಿಸುವ ಜೋಡಿಯನ್ನು ಯಾರು ಇಡುತ್ತಾರೆ? ಬೇರೆ ಕೊಬ್ಬರಿಯೂ ಇರಲಿಲ್ಲ. ಅಟ್ಟದ ಮೇಲಿನ ಕಾಯಿಗಳನ್ನು ಒಂದೊಂದಾಗಿ ಅಲ್ಲಾಡಿಸಿದೆ. ಒಣಗಿದ್ದರೆ ಒಳಗೆ ಉಂಡೆ ಗಡಗಡ ಎನ್ನಬೇಕು. ಒಂದೂ ಉಸಿರೆತ್ತಲಿಲ್ಲ. ಮಾರನೇ ಬೆಳಗ್ಗೆ ಗಿಟುಕು ಒಯ್ಯಲು ತಂಗಿ ಬರುವವಳಿದ್ದಳು.

ಸೊಸೆ ಗಿಟುಕಿನ ಫೋಟೋ ತೆಗೆದು, ಅದರ ಮೇಲೇ ಬರೆಯತೊಡಗಿದಳು. ಮುಂದಿನ ಗಿಣಿಯ ಕತ್ತು ಹಿಂದಕ್ಕೆ ತಿರುಗಿಸಿದಳು. ಸರಿ, ಹಳೇ ತಲೆ ಎಲ್ಲಿಗೆ ಹೋಗಬೇಕು? ಎಲೆ ಮಾಡಿದಳು, ಗಂಟಲಿಗೆ ಗೆಡ್ಡೆ ಬಂದ ಹಾಗೆ ಕಂಡಿತು. ಅಳಿಸಿದಳು. ಹೂವು ಮಾಡಿದಳು, ಹುಂಜದ ಹಾಗಾಯಿತು. ಅದನ್ನೂ ಅಳಿಸಿದಳು.

“ಮಾವಿನಕಾಯಿ ಮಾಡೇ,” ಎಂದೆ. “ಕೊಕ್ಕು ಹೆಂಗೂ ಐತಲ್ಲ, ಅದೇ ಅದರ ಮೂತಿ.”

ಮಾಡಿದಳು. ಗಿಣಿಯ ಎದೆಯ ಮುಂದೆ ಮಾವಿನಕಾಯಿ ನೇತಾಡಿತು. ಅದನ್ನು ನೋಡಿಕೊಂಡು ಚೂರಿ ಹಾಕಿದೆ.

ಬೆಳಗ್ಗೆ ತಂಗಿ ಬಂದಳು. ತಟ್ಟೆಯನ್ನು ಬೆಳಕಿಗೆ ಹಿಡಿದಳು.

“ಇದ್ಯಾಕಕ್ಕಾ ಹಿಂದುಕ್ಕೆ ತಿರ್ಗೈತೆ?”

“ತಪ್ಪಾಯ್ತು ಕಣೇ. ಎರಡೂ ಒಂದೇ ಕಡೆ ಕೆತ್ತಿದ್ದೆ. ಆಮೇಲೆ ಕತ್ತು ತಿರುಗ್ಸಿದ್ವಿ. ಬ್ಯಾಡಾಂದ್ರೆ ಬುಡು.”

ಅವಳು ಇನ್ನೊಂದು ಸಲ ನೋಡಿದಳು. “ಇರ್ಲಿ ಬುಡು. ಮುಂದೆ ಹೋಗೋನು ತಿರುಗಿ ನೋಡ್ತಾವ್ನೆ. ನಮ್ಮನೆಯೋರು ಬಸ್‌ಸ್ಟ್ಯಾಂಡ್‌ಗಂಟ ಮುಂದ್ಮುಂದೆ ಹೋಗೋವಾಗ ಒಂದಿನ ತಿರುಗಿ ನೋಡಿದ್ದುಂಟಾ?”

“ನಮ್ಮನೆಯೋರು ನನ್ನ ಬುಟ್ಟು ಬಸ್ಸೇ ಹತ್ಬುಟ್ಟಿದ್ರು,” ಎಂದೆ.

ಆಮೇಲೆ ಅವಳು ಬ್ಯಾಗಿಗೆ ಕೈ ಹಾಕಿ, ಮಿಂಚು ಅಂಟಿಸಿದ ಒಂದು ಜೊತೆ ಗಿಟುಕು ತೆಗೆದು ನಮ್ಮ ಜಗಲಿಯ ಮೇಲಿಟ್ಟಳು. ಮೊದಲೇ ತಂದಿದ್ದಾಳೆ, ಕಳ್ಳಿ! ನನ್ನ ಗಿಣಿಗಳನ್ನು ಬಟ್ಟೆಯಲ್ಲಿ ಸುತ್ತಿ ಅದೇ ಬ್ಯಾಗಿಗೆ ಹಾಕಿಕೊಂಡು ಬಸ್ಸಿಗೆ ಹೊರಟಳು.

ಅಂಗಡಿಯ ಗಿಟುಕು ಇನ್ನೂ ನಮ್ಮಲ್ಲೇ ಇದೆ. ಮಿಂಚಿನ ಜೊತೆ ತುರಿದು ಚಟ್ನಿಪುಡಿಗೆ ಹಾಕುವ ಹಾಗೂ ಇಲ್ಲ.