ಫೋನು ಹೊತ್ತು ತಿರುಗಿದ ಅಟೆಂಡರಮ್ಮ

ಆ ಪತ್ರಿಕಾ ಕಚೇರಿಯಲ್ಲಿ ಅಟೆಂಡರಮ್ಮನದು ಇಪ್ಪತ್ತಾರು ವರ್ಷದ ಸರ್ವಿಸು. ಅಷ್ಟರಲ್ಲಿ ನಾಲ್ಕು ಮಂದಿ ಸಂಪಾದಕರು ಬದಲಾದರು. ಯಾರ ಮೇಜಿನ ಗುಂಡುಸೂಜಿಯನ್ನೂ ಮುಟ್ಟದವಳು ಎಂಬ ಹೆಸರಿತ್ತು. ಅದರ ಬಗ್ಗೆ ಆಕೆಗೆ ತುಸು ಜಂಬವೂ ಇತ್ತು, ಇದ್ದರೆ ತಪ್ಪೇನು?

ಎರಡು ವರ್ಷದಿಂದ ಇನ್ನೊಂದು ಕೆಲಸ ಅಂಟಿಕೊಂಡಿತ್ತು. ಗುಟ್ಟಾಗಿ ಸುದ್ದಿ ಕೊಡುವವರನ್ನು ಕಾಣಲು ಹೊರಟಾಗಲೆಲ್ಲ ವರದಿಗಾರ್ತಿ ತನ್ನ ಫೋನನ್ನು ಆಕೆಯ ಕೈಗಿಡುತ್ತಿದ್ದಳು. ಫೋನು ಎಲ್ಲೆಲ್ಲಿಗೆ ಹೋಯಿತೆಂದು ಕೂತಲ್ಲೇ ನೋಡುವವರಿದ್ದಾರೆ. ಆಫ್ ಮಾಡಿದರೆ ಅದಕ್ಕೇ ಅನುಮಾನ ಪಡುತ್ತಾರೆ. ಅಟೆಂಡರಮ್ಮ ಅದನ್ನು ಊಟದ ಚೀಲಕ್ಕೆ ಹಾಕಿಕೊಂಡು ಅಂಚೆ ಕಚೇರಿ, ಬ್ಯಾಂಕು ಸುತ್ತಿ, ದಾರಿಯಲ್ಲೇ ಇದ್ದ ತಂಗಿಯ ಮನೆಯಲ್ಲಿ ಒಂದರ್ಧ ಗಂಟೆ ಕಾಲು ಚಾಚಿ ಬರುತ್ತಿದ್ದಳು.

ಎಡವಟ್ಟಾದದ್ದು ಅಲ್ಲೇ. ತಂಗಿ ನೀರು ಸರಬರಾಜು ಇಲಾಖೆಯಲ್ಲಿ ಗುಮಾಸ್ತೆ. ಊರಿಗೆ ಕೊಳಕು ನೀರು ಬಿಡುತ್ತಿದ್ದಾರೆಂಬ ಗುಟ್ಟಿನ ಪರೀಕ್ಷಾ ವರದಿ ಪತ್ರಿಕೆಗೆ ಸಿಕ್ಕಿ ಅಚ್ಚಾದದ್ದೂ ಅದೇ ಇಲಾಖೆಯಿಂದ. ವರದಿಗಾರ್ತಿಯ ಫೋನು ಆರು ಸಲ ಈ ಗುಮಾಸ್ತೆಯ ಮನೆಯಲ್ಲಿತ್ತೆಂದು, ವರದಿ ಕೊಟ್ಟವರನ್ನು ಹುಡುಕುತ್ತಿದ್ದ ತನಿಖೆಯವರು ಪತ್ತೆ ಹಚ್ಚಿದರು. ಏನೂ ಅರಿಯದ ತಂಗಿ ಅಮಾನತಾದಳು.

ವರದಿಗಾರ್ತಿ ಅಟೆಂಡರಮ್ಮನ ಬಳಿ ಓಡಿ ಬಂದಳು. “ನಾನೇ ಹೋಗಿ ನಿಜ ಹೇಳ್ತೀನಿ ಅಕ್ಕ.”

“ಹೇಳಿದ್ರೆ, ಆಗ ನೀನೆಲ್ಲಿದ್ದೆ ಅಂತಾರೆ. ಬೀದಿಬೀದಿಗೂ ಕ್ಯಾಮೆರಾ ಇದೆ, ಕಾಗದ ಕೊಟ್ಟೋನು ಸಿಕ್ಕಿಬೀಳ್ತಾನೆ. ಅವನಿಗೂ ಹೆಂಡತಿ ಮಕ್ಕಳು ಇರಲ್ವಾ? ಸುಮ್ನಿರು.”

ಮರುದಿನ ಅಟೆಂಡರಮ್ಮನೇ ತನಿಖಾಧಿಕಾರಿಯ ಮುಂದೆ ನಿಂತಳು. “ಮೇಡಂ ಬರೆಯೋಕೆ ಕೂತ್ರೆ ಪ್ರಪಂಚ ಮರೀತಾರೆ ಸಾರ್. ಅವರ ಫೋನ್ ನಾನೇ ಹೇಳ್ದೆ ಕೇಳ್ದೆ ಎತ್ಕೊಂಡು ಹೋಗ್ತಿದ್ದೆ. ದೊಡ್ಡ ಫೋನ್ ಹಿಡಿದು ತಂಗಿ ಮುಂದೆ ಮೆರೆಯೋ ಚಪಲ.”

ಅಧಿಕಾರಿ ನಕ್ಕು, ಬರೆದುಕೊಂಡು, ಸಹಿ ಹಾಕಿಸಿಕೊಂಡ.

ಕಳ್ಳಿಯನ್ನು ಕೆಲಸದಲ್ಲಿಟ್ಟುಕೊಂಡರೆ ಆ ಹೇಳಿಕೆಯನ್ನು ಯಾರು ನಂಬುತ್ತಾರೆ? ಸಂಪಾದಕರು ವಜಾ ಪತ್ರ ಕೊಟ್ಟರು, ಮುಖ ನೋಡಲಾರದೆ. ಆಕೆಗೆ ಅಳು ಬಂತು, ಬಚ್ಚಲಿಗೆ ಹೋಗಿ ಅತ್ತಳು.

ಒಂದು ವಾರದಲ್ಲಿ ತಂಗಿಗೆ ಕೆಲಸ ವಾಪಸು ಸಿಕ್ಕಿತು. ಅಕ್ಕ ಮಾತನಾಡಿಸಲು ಹೋದರೆ ತಂಗಿ ಬಾಗಿಲಿಗೆ ಅಡ್ಡ ನಿಂತಳು.

“ಕದ್ದ ಮಾಲು ನನ್ನ ಮನೆಗೆ ತಂದು ನನ್ನ ಅನ್ನಕ್ಕೇ ಮಣ್ಣು ಹಾಕ್ತಿದ್ದೆಯಲ್ಲ. ಇನ್ನು ಈ ಕಡೆ ಬರಬೇಡ.”

ಕಾಗದ ಕೊಟ್ಟವನು ತಂಗಿಯ ಕಚೇರಿಯವನೇ. ಈಗ ನಿಜ ಹೇಳಿದರೆ ನಾಳೆ ಹತ್ತು ಗಂಟೆಗೆಲ್ಲ ಅದು ಮೇಜಿಂದ ಮೇಜಿಗೆ ಹರಿದಾಡುತ್ತದೆ. ತಂಗಿಯ ಬಾಯಿ ಅಕ್ಕನಿಗೆ ಗೊತ್ತಿಲ್ಲದ್ದೇ?

“ತಪ್ಪಾಯ್ತು ಕಣೆ” ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.